ನಮ್ಮ ವಿದ್ಯುತ್ತನ್ನು ನಾವೇ ಕೂಡಿ ಉತ್ಪಾದಿಸಿ ಬಳಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೆರೆಹೊರೆಯವರು, ಒಂದೇ ಕಟ್ಟಡದ ನಿವಾಸಿಗಳು ಅಥವಾ ಒಂದು ಊರಿನ ಜನ ಒಟ್ಟಾಗಿ ಸೌರ, ಪವನ ಅಥವಾ ಜಲ ವಿದ್ಯುತ್ ಘಟಕವೊಂದನ್ನು ಕಟ್ಟಿ, ಅದರಿಂದ ಬರುವ ವಿದ್ಯುತ್ತನ್ನು ತಾವೇ ಬಳಸಿಕೊಳ್ಳಬೇಕೆಂದು ಯೋಚಿಸಿದಾಗ ಏಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ತಾಂತ್ರಿಕ ಪ್ರಶ್ನೆಗಳಿಗಿಂತ ಹಂಚಿಕೆ ಮತ್ತು ಒಡೆತನದ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಡಲಾಗಿದೆ. ಇಂಥ ಯೋಜನೆಗಳು ಉಳಿಯುವುದೂ ಮುರಿಯುವುದೂ ಹೆಚ್ಚಾಗಿ ಅಲ್ಲಿಯೇ.

ಸಾಮೂಹಿಕ ಉತ್ಪಾದನೆ ಮತ್ತು ಬಳಕೆ ಎಂದರೆ ನಿಖರವಾಗಿ ಏನು?

ಹಲವು ಬಳಕೆದಾರರು ಸೇರಿ ನವೀಕರಿಸಬಹುದಾದ ಮೂಲದ ಒಂದು ಅಥವಾ ಹೆಚ್ಚು ಘಟಕಗಳ ಒಡೆತನ ಹೊಂದಿ, ಅಲ್ಲಿ ಉತ್ಪತ್ತಿಯಾದ ವಿದ್ಯುತ್ತನ್ನು ಮೊದಲು ತಮ್ಮೊಳಗೆ ಹಂಚಿಕೊಂಡು, ಮಿಕ್ಕದ್ದನ್ನು ಸಾರ್ವಜನಿಕ ವಿದ್ಯುತ್ ಜಾಲಕ್ಕೆ ಕೊಡುವ ಮತ್ತು ಸಾಲದ್ದನ್ನು ಜಾಲದಿಂದ ಪಡೆಯುವ ವ್ಯವಸ್ಥೆಯೇ ಇದು. ಇದರಲ್ಲಿ ಎರಡು ರೂಪಗಳಿವೆ. ಒಂದೇ ಕಟ್ಟಡದ ನಿವಾಸಿಗಳು ತಾರಸಿಯ ಮೇಲಿನ ಫಲಕಗಳನ್ನು ಹಂಚಿಕೊಳ್ಳುವುದು ಸರಳ ರೂಪ. ಬೇರೆ ಬೇರೆ ಬೀದಿಗಳಲ್ಲಿರುವ ಮನೆ, ಅಂಗಡಿ, ಶಾಲೆಗಳು ಸಾರ್ವಜನಿಕ ತಂತಿಗಳ ಮೂಲಕವೇ ಹಂಚಿಕೊಂಡು, ಅದಕ್ಕಾಗಿ ಒಂದು ಸಂಘವನ್ನು ನಡೆಸುವುದು ವಿಸ್ತೃತ ರೂಪ. ಇದನ್ನು ಸಾಮಾನ್ಯವಾಗಿ ಇಂಧನ ಸಮುದಾಯವೆಂದು ಕರೆಯುತ್ತಾರೆ.

ಬರೀ ಹಣ ಹೂಡಿ ಬಡ್ಡಿ ಪಡೆಯುವ ಯೋಜನೆ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿರ್ಧಾರಗಳು ಬಳಕೆದಾರರ ಕೈಯಲ್ಲಿರಬೇಕು.

ಪ್ರತಿಯೊಬ್ಬರೂ ತಂತಮ್ಮ ತಾರಸಿಯ ಮೇಲೆ ಫಲಕ ಹಾಕಿಸಿಕೊಂಡರೆ ಸಾಲದೇ?

ಸ್ವಂತ ತಾರಸಿ, ನೆರಳಿಲ್ಲದ ಜಾಗ ಮತ್ತು ಕೈಯಲ್ಲಿ ಹಣ, ಈ ಮೂರೂ ಇರುವವರಿಗೆ ಅದು ಒಳ್ಳೆಯ ದಾರಿಯೇ ಸರಿ. ಆದರೆ ಬಾಡಿಗೆ ಮನೆಯಲ್ಲಿರುವವರಿಗೆ, ಬಹುಮಹಡಿ ಕಟ್ಟಡದ ಕೆಳ ಅಂತಸ್ತಿನವರಿಗೆ, ಪಕ್ಕದ ಎತ್ತರದ ಕಟ್ಟಡದ ನೆರಳು ಬೀಳುವ ಮನೆಯವರಿಗೆ ಆ ದಾರಿ ಮುಚ್ಚಿರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಸೌರಫಲಕ ಅತಿ ಹೆಚ್ಚು ವಿದ್ಯುತ್ ಕೊಡುವುದು ನಡುಹಗಲಿನಲ್ಲಿ. ಆ ಹೊತ್ತಿನಲ್ಲಿ ಬಹುಪಾಲು ಮನೆಗಳಲ್ಲಿ ಫ್ರಿಜ್ ಬಿಟ್ಟರೆ ಮತ್ತೇನೂ ಓಡುತ್ತಿರುವುದಿಲ್ಲ. ಹೀಗಾಗಿ ಬ್ಯಾಟರಿ ಇಲ್ಲದ ಒಂಟಿ ಮನೆ ತಾನು ಉತ್ಪಾದಿಸಿದ್ದರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸಿನಷ್ಟನ್ನು ಮಾತ್ರ ತಾನೇ ಬಳಸುತ್ತದೆ. ಉಳಿದದ್ದು ಜಾಲಕ್ಕೆ ಹೋಗುತ್ತದೆ, ಮತ್ತು ಹಲವೆಡೆ ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಹಗಲಿನಲ್ಲಿ ನಡೆಯುವ ಶಾಲೆ, ಕಾರ್ಯಾಗಾರ, ಚಿಕಿತ್ಸಾಲಯಗಳೂ ಸಂಜೆ ತುಂಬುವ ಮನೆಗಳೂ ಒಂದೇ ಘಟಕವನ್ನು ಹಂಚಿಕೊಂಡರೆ ಒಬ್ಬರ ಬಳಕೆ ತಗ್ಗಿದಾಗ ಇನ್ನೊಬ್ಬರದು ಏರುತ್ತದೆ. ಒಟ್ಟು ಉತ್ಪಾದನೆಯ ಹೆಚ್ಚಿನ ಪಾಲು ಒಳಗೇ ಖರ್ಚಾಗುತ್ತದೆ. ದೊಡ್ಡ ಘಟಕವನ್ನು ಒಟ್ಟಿಗೆ ಕೊಂಡಾಗ ಕಿಲೋವ್ಯಾಟ್ ಒಂದಕ್ಕೆ ತಗಲುವ ವೆಚ್ಚವೂ ಇಳಿಯುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಬಳಕೆಯ ವೈವಿಧ್ಯವೇ ದೊಡ್ಡ ಲಾಭ. ಆದ್ದರಿಂದ ಸದಸ್ಯರನ್ನು ಸೇರಿಸುವಾಗ ಒಂದೇ ಬಗೆಯ ಮನೆಗಳನ್ನಷ್ಟೇ ಹುಡುಕಬಾರದು.

ಇದು ಇನ್ನೂ ಪ್ರಯೋಗದ ಹಂತದಲ್ಲಿರುವ ಹೊಸ ವಿಚಾರವೇ?

ಅಲ್ಲ. ಆಲ್ಪ್ಸ್ ಪರ್ವತದ ಕಣಿವೆಗಳ ಹಳ್ಳಿಗರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸಹಕಾರ ಸಂಘಗಳನ್ನು ಕಟ್ಟಿ ಸಣ್ಣ ಜಲವಿದ್ಯುತ್ ಘಟಕಗಳನ್ನು ನಡೆಸುತ್ತಿದ್ದರು. ನೇಪಾಳದ ಗುಡ್ಡಗಾಡಿನಲ್ಲಿ ಹಳ್ಳಿಗರ ಸಮಿತಿಗಳೇ ಕಿರು ಜಲವಿದ್ಯುತ್ ಘಟಕಗಳನ್ನು ನೋಡಿಕೊಳ್ಳುತ್ತ ಬಂದಿವೆ.

ಡೆನ್ಮಾರ್ಕಿನಲ್ಲಿ 1973ರ ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ನೆರೆಹೊರೆಯವರು ಪಾಲು ಹಾಕಿ ಗಾಳಿಯಂತ್ರಗಳನ್ನು ನಿಲ್ಲಿಸುವ ರೂಢಿ ಬೆಳೆಯಿತು. ಕೋಪನ್‌ಹೇಗನ್ ಬಂದರಿನಾಚೆ ಸಮುದ್ರದಲ್ಲಿರುವ ಮಿಡ್ಡೆಲ್‌ಗ್ರುಂಡೆನ್ ಆ ರೂಢಿಯ ದೊಡ್ಡ ಫಲ. ಅಲ್ಲಿ 2 ಮೆಗಾವ್ಯಾಟ್ ಸಾಮರ್ಥ್ಯದ 20 ಯಂತ್ರಗಳಿದ್ದು, ಅವುಗಳಲ್ಲಿ ಅರ್ಧವನ್ನು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘವೊಂದು ಕಟ್ಟಿಸಿತು. ಒಂದು ಷೇರು ಎಂದರೆ ವರ್ಷಕ್ಕೆ 1000 ಯೂನಿಟ್ ಉತ್ಪಾದನೆ ಎಂದು ಅವರು ಲೆಕ್ಕ ಹಾಕಿದ್ದರು. ತನ್ನ ಮನೆಗೆ ವರ್ಷಕ್ಕೆ ಎಷ್ಟು ಯೂನಿಟ್ ಬೇಕೆಂದು ಬಿಲ್ ನೋಡಿ ತಿಳಿದವನಿಗೆ ಎಷ್ಟು ಷೇರು ಕೊಳ್ಳಬೇಕೆಂಬುದೂ ತಿಳಿಯುತ್ತಿತ್ತು. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಯಾವ ಹೊಸ ಸಂಘವೂ ಅನುಸರಿಸಬಹುದು.

ಜರ್ಮನಿಯ ಶ್ಯೋನಾವ್ ಎಂಬ ಸಣ್ಣ ಪಟ್ಟಣದ ಕಥೆ ಇನ್ನೊಂದು ಬಗೆಯದು. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ಒಟ್ಟುಗೂಡಿದ ಪೋಷಕರ ಗುಂಪೊಂದು ವಿದ್ಯುತ್ ಉಳಿತಾಯದ ಪ್ರಚಾರದಿಂದ ಆರಂಭಿಸಿ, ಎರಡು ಜನಮತಗಣನೆಗಳನ್ನು ಗೆದ್ದು, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ತನ್ನ ವಶಕ್ಕೆ ಪಡೆಯಿತು.

ಘಟಕ ಒಂದು ಕಡೆ, ನನ್ನ ಮನೆ ಇನ್ನೊಂದು ಕಡೆ. ಆ ವಿದ್ಯುತ್ ನನಗೆ ತಲುಪುವುದು ಹೇಗೆ?

ಪ್ರತ್ಯೇಕ ತಂತಿ ಎಳೆಯಬೇಕಾಗಿಲ್ಲ. ಘಟಕವು ಸ್ಥಳೀಯ ಜಾಲಕ್ಕೆ ವಿದ್ಯುತ್ ಸೇರಿಸುತ್ತದೆ, ಮತ್ತು ಅದು ಹತ್ತಿರದಲ್ಲಿ ಯಾವ ಬಳಕೆ ಇದೆಯೋ ಅತ್ತ ಹರಿಯುತ್ತದೆ. ನಿಮ್ಮ ದೀಪದಲ್ಲಿ ಉರಿಯುತ್ತಿರುವುದು ಯಾವ ಘಟಕದ ವಿದ್ಯುತ್ ಎಂದು ಬೇರ್ಪಡಿಸಿ ಹೇಳಲಾಗದು. ಹಂಚಿಕೆ ನಡೆಯುವುದು ಮೀಟರುಗಳ ಲೆಕ್ಕದಲ್ಲಿ. ಘಟಕದ ಮೀಟರೂ ಪ್ರತಿ ಸದಸ್ಯರ ಮೀಟರೂ ಹದಿನೈದು ನಿಮಿಷಕ್ಕೊಮ್ಮೆ ಅಥವಾ ಗಂಟೆಗೊಮ್ಮೆ ದಾಖಲೆ ಮಾಡುತ್ತವೆ. ಅದೇ ಅವಧಿಯಲ್ಲಿ ಘಟಕ ಕೊಟ್ಟದ್ದು ಮತ್ತು ಸದಸ್ಯರು ಬಳಸಿದ್ದು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಹಂಚಿಕೊಂಡ ವಿದ್ಯುತ್ ಎಂದು ಪರಿಗಣಿಸಲಾಗುತ್ತದೆ. ಇಟಲಿಯ ನಿಯಮಗಳಲ್ಲಿರುವುದು ಗಂಟೆಯ ಲೆಕ್ಕದ ಇದೇ ಸೂತ್ರ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ತಿಂಗಳಿಗೊಮ್ಮೆ ಮಾತ್ರ ಓದುವ ಹಳೆಯ ಮೀಟರ್ ಇಂಥ ಹಂಚಿಕೆಗೆ ಸಾಲದು. ಸ್ಮಾರ್ಟ್ ಮೀಟರ್ ಮತ್ತು ಅದರ ದಾಖಲೆಗಳು ಸಮಯಕ್ಕೆ ಸರಿಯಾಗಿ ಸಂಘದ ಕೈಗೆ ಸಿಗುವ ವ್ಯವಸ್ಥೆ ಎರಡೂ ಬೇಕು.

ವಿದ್ಯುತ್ತನ್ನು ಸದಸ್ಯರ ನಡುವೆ ಯಾವ ಆಧಾರದ ಮೇಲೆ ಹಂಚಬೇಕು?

ಅತಿ ಹೆಚ್ಚು ಚರ್ಚೆಗೆ ಬರುವ ಪ್ರಶ್ನೆ ಇದು. ಬರಬೇಕಾದದ್ದೂ ಇದೇ. ಮುಖ್ಯವಾಗಿ ಎರಡು ಪದ್ಧತಿಗಳಿವೆ: ಮೊದಲೇ ಗೊತ್ತುಮಾಡಿದ ಪ್ರತಿಶತದ ಪ್ರಕಾರ ಹಂಚುವ ಸ್ಥಿರ ಪದ್ಧತಿ, ಮತ್ತು ಆಯಾ ಗಂಟೆಯ ಬಳಕೆಯನ್ನು ನೋಡಿ ಹಂಚುವ ಚಲ ಪದ್ಧತಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಶಾಲೆ, ದಿನವಿಡೀ ಮನೆಯಲ್ಲೇ ಇರುವ ವೃದ್ಧ ದಂಪತಿಗಳ ಮನೆ ಮತ್ತು ಎಲ್ಲರೂ ಕೆಲಸಕ್ಕೆ ಹೋಗುವ ಇನ್ನೊಂದು ಮನೆ, ಈ ಮೂವರು ಸದಸ್ಯರೆಂದು ಇಟ್ಟುಕೊಳ್ಳಿ. ಪಾಲುಗಳು ಕ್ರಮವಾಗಿ ಶೇ. 50, 25 ಮತ್ತು 25. ವಾರದ ನಡುವಿನ ಒಂದು ದಿನ ಬೆಳಿಗ್ಗೆ 11ರಿಂದ 12ರವರೆಗೆ ಘಟಕ 10 ಯೂನಿಟ್ ಕೊಟ್ಟಿತು. ಅದೇ ಗಂಟೆಯಲ್ಲಿ ಶಾಲೆ 8 ಯೂನಿಟ್, ವೃದ್ಧರ ಮನೆ 1 ಯೂನಿಟ್, ಬೀಗ ಹಾಕಿದ ಮನೆ 0.2 ಯೂನಿಟ್ ಬಳಸಿದವು. ಸ್ಥಿರ ಪದ್ಧತಿಯಲ್ಲಿ ಶಾಲೆಗೆ ಸಿಗುವುದು 5 ಯೂನಿಟ್ ಮಾತ್ರ, ಉಳಿದ 3 ಯೂನಿಟ್ಟನ್ನು ಅದು ಜಾಲದಿಂದ ಪೂರ್ಣ ದರಕ್ಕೆ ಕೊಳ್ಳುತ್ತದೆ. ಇತ್ತ ಎರಡು ಮನೆಗಳ ಪಾಲಿನಲ್ಲಿ ಒಟ್ಟು 3.8 ಯೂನಿಟ್ ಬಳಕೆಯಾಗದೆ ಕಡಿಮೆ ದರಕ್ಕೆ ಜಾಲದ ಪಾಲಾಗುತ್ತದೆ. ಒಂದೇ ಸಂಘದ ಒಳಗೆ ಒಬ್ಬರು ದುಬಾರಿ ಬೆಲೆಗೆ ಕೊಳ್ಳುತ್ತಿರುವಾಗಲೇ ಇನ್ನೊಬ್ಬರು ಅಗ್ಗದ ಬೆಲೆಗೆ ಮಾರುತ್ತಿರುತ್ತಾರೆ. ಚಲ ಪದ್ಧತಿಯಲ್ಲಾದರೆ ಮೂವರ 9.2 ಯೂನಿಟ್ ಬಳಕೆಯೂ ಘಟಕದಿಂದಲೇ ಪೂರೈಕೆಯಾಗಿ 0.8 ಯೂನಿಟ್ ಮಾತ್ರ ಹೊರಗೆ ಹೋಗುತ್ತದೆ.

ಹಾಗಾದರೆ ಚಲ ಪದ್ಧತಿಯೇ ಸರಿ ಎನ್ನಬಹುದೇ? ವಿದ್ಯುತ್ತಿನ ದೃಷ್ಟಿಯಿಂದ ಹೌದು, ನ್ಯಾಯದ ದೃಷ್ಟಿಯಿಂದ ಅಷ್ಟಕ್ಕೇ ನಿಲ್ಲುವಂತಿಲ್ಲ. ಬೀಗ ಹಾಕಿ ಕೆಲಸಕ್ಕೆ ಹೋಗುವ ಕುಟುಂಬವೂ ಕಾಲು ಭಾಗ ಬಂಡವಾಳ ಹಾಕಿದೆ, ಆದರೆ ಅದಕ್ಕೆ ದಕ್ಕಿದ್ದು 0.2 ಯೂನಿಟ್. ಹೆಚ್ಚು ಬಳಸುವವನಿಗೇ ಹೆಚ್ಚು ಲಾಭವಾಗುವ ಈ ಓರೆಯನ್ನು ಸರಿಪಡಿಸಲು ನನಗೆ ಉತ್ತಮವೆನಿಸುವ ದಾರಿಯೆಂದರೆ, ವಿದ್ಯುತ್ತನ್ನು ಬಳಕೆಯ ಪ್ರಕಾರ ಹಂಚಿ, ಬಳಸಿದ ಪ್ರತಿ ಯೂನಿಟ್ಟಿಗೂ ಒಂದು ಆಂತರಿಕ ದರವನ್ನು ವಸೂಲು ಮಾಡಿ, ಹಾಗೆ ಕೂಡಿದ ಹಣವನ್ನು ಷೇರಿನ ಪ್ರಕಾರ ಹಿಂದಿರುಗಿಸುವುದು. ಆಂತರಿಕ ದರವು ಜಾಲದ ದರಕ್ಕಿಂತ ಕಡಿಮೆಯೂ ಹೆಚ್ಚುವರಿ ಮಾರಾಟದ ದರಕ್ಕಿಂತ ಹೆಚ್ಚೂ ಆಗಿದ್ದರೆ ಕೊಳ್ಳುವವನಿಗೂ ಬಂಡವಾಳ ಹಾಕಿದವನಿಗೂ ಲಾಭವಿದೆ. ಸ್ಥಳೀಯ ನಿಯಮ ಸ್ಥಿರ ಪ್ರತಿಶತವನ್ನಷ್ಟೇ ಒಪ್ಪುವುದಾದರೆ, ಪ್ರತಿ ಗಂಟೆಗೆ ಅಥವಾ ಋತುವಿಗೆ ಬೇರೆ ಬೇರೆ ಪ್ರತಿಶತ ಗೊತ್ತುಮಾಡಲು ಅವಕಾಶವಿದೆಯೇ ಎಂದು ವಿಚಾರಿಸಬೇಕು.

ಯಾವ ಪದ್ಧತಿಯನ್ನೇ ಆರಿಸಿದರೂ ಅದನ್ನು ಫಲಕ ಕೊಳ್ಳುವ ಮೊದಲೇ ಬರೆದಿಟ್ಟು, ಎಲ್ಲರ ಸಹಿ ಪಡೆದು, ಎಷ್ಟು ಕಾಲಕ್ಕೊಮ್ಮೆ ಮರುಪರಿಶೀಲಿಸಬೇಕೆಂಬುದನ್ನೂ ಅದರಲ್ಲೇ ನಮೂದಿಸಬೇಕು. ಘಟಕ ಓಡತೊಡಗಿದ ಮೇಲೆ ಈ ಚರ್ಚೆ ಆರಂಭವಾದರೆ ಪ್ರತಿಯೊಬ್ಬರೂ ತಮಗೆ ಬಂದ ಮೊದಲ ಬಿಲ್ಲನ್ನು ಕೈಯಲ್ಲಿ ಹಿಡಿದೇ ಮಾತಾಡುತ್ತಾರೆ.

ಘಟಕ ಎಷ್ಟು ದೊಡ್ಡದಿರಬೇಕು?

ತಾರಸಿ ಎಷ್ಟು ದೊಡ್ಡದಿದೆಯೋ ಅಷ್ಟೂ ಫಲಕ ಹಾಕುವುದು ಸಹಜವಾದ ಆಸೆ, ಆದರೆ ಲೆಕ್ಕ ಆರಂಭವಾಗಬೇಕಾದದ್ದು ಹಗಲಿನ ಬಳಕೆಯಿಂದ. ಸದಸ್ಯರೆಲ್ಲರ ಒಂದು ವರ್ಷದ ಬಿಲ್ಲುಗಳನ್ನೂ, ಸಾಧ್ಯವಿದ್ದರೆ ಗಂಟೆವಾರು ದಾಖಲೆಗಳನ್ನೂ ಕೂಡಿಸಿ ನೋಡಬೇಕು. ಇಂದಿನ ಫಲಕಗಳಲ್ಲಿ 1 ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು 5 ಚದರ ಮೀಟರ್ ಫಲಕ ಬೇಕಾಗುತ್ತದೆ, ಸಮತಟ್ಟಾದ ತಾರಸಿಯಲ್ಲಿ ಸಾಲುಗಳ ನಡುವೆ ಬಿಡುವ ಜಾಗ ಬೇರೆ. ಅಷ್ಟು ಸಾಮರ್ಥ್ಯದಿಂದ ಮಧ್ಯ ಯುರೋಪಿನಲ್ಲಿ ವರ್ಷಕ್ಕೆ ಸುಮಾರು 1000 ಯೂನಿಟ್, ಬಿಸಿಲು ಹೆಚ್ಚಿರುವ ಪ್ರದೇಶಗಳಲ್ಲಿ 1400ರಿಂದ 1600 ಯೂನಿಟ್ ಸಿಗುತ್ತದೆ. ಮುಂದೆ ಸದಸ್ಯರು ಹೆಚ್ಚಿದಾಗ ಇನ್ನಷ್ಟು ಫಲಕ ಸೇರಿಸಲು ಜಾಗ ಬಿಟ್ಟು, ಚಿಕ್ಕದಾಗಿ ಆರಂಭಿಸುವುದು ಜಾಣತನ.

ಬ್ಯಾಟರಿ ಬೇಕೇ ಬೇಕೇ?

ಆರಂಭದಲ್ಲಿಯೇ ಬೇಕಾಗಿಲ್ಲ. ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಪಂಪು, ನೀರು ಕಾಯಿಸುವ ಗೀಸರ್, ವಾಹನದ ಚಾರ್ಜಿಂಗ್ ಇವುಗಳನ್ನು ನಡುಹಗಲಿಗೆ ಹೊಂದಿಸುವುದು ಬ್ಯಾಟರಿಗಿಂತ ಎಷ್ಟೋ ಅಗ್ಗ. ಒಂದು ಟೈಮರ್ ಇದ್ದರೆ ಅಷ್ಟು ಕೆಲಸ ಆಗುತ್ತದೆ. ಬಿಸಿನೀರಿನ ತೊಟ್ಟಿಯೂ ಮೇಲ್ತೊಟ್ಟಿಗೆ ಏರಿಸಿಟ್ಟ ನೀರೂ ಒಂದು ರೀತಿಯಲ್ಲಿ ವಿದ್ಯುತ್ತಿನ ಸಂಗ್ರಹವೇ. ಇವೆಲ್ಲವನ್ನೂ ಮಾಡಿದ ಮೇಲೂ ದಿನವೂ ಗಮನಾರ್ಹ ಹೆಚ್ಚುವರಿ ಉಳಿಯುತ್ತಿದ್ದರೆ ಮತ್ತು ಸಂಜೆಯ ದರ ಹಗಲಿನ ದರಕ್ಕಿಂತ ಹೆಚ್ಚಿದ್ದರೆ, ಒಂದು ವರ್ಷದ ದಾಖಲೆಯನ್ನು ಮುಂದಿಟ್ಟುಕೊಂಡು ಸಾಮೂಹಿಕ ಬ್ಯಾಟರಿಯ ಗಾತ್ರವನ್ನು ನಿರ್ಧರಿಸಬಹುದು.

ಕರೆಂಟ್ ಹೋದಾಗ ನಮ್ಮ ಘಟಕದಿಂದ ವಿದ್ಯುತ್ ಸಿಗುತ್ತದೆಯೇ?

ಸಾಮಾನ್ಯ ಜೋಡಣೆಯಲ್ಲಿ ಸಿಗುವುದಿಲ್ಲ. ಇದನ್ನು ಸದಸ್ಯರಿಗೆ ಮೊದಲೇ ತಿಳಿಸದಿದ್ದರೆ ದೊಡ್ಡ ನಿರಾಶೆಯಾಗುತ್ತದೆ. ಫಲಕದ ವಿದ್ಯುತ್ತನ್ನು ಮನೆಬಳಕೆಯ ವಿದ್ಯುತ್ತಾಗಿ ಬದಲಿಸಿ ಜಾಲಕ್ಕೆ ಸೇರಿಸುವ ಇನ್ವರ್ಟರ್, ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲುವಂತೆ ರೂಪಿಸಲ್ಪಟ್ಟಿರುತ್ತದೆ. ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್ ಸತ್ತ ತಂತಿಯೆಂದು ಮುಟ್ಟಿದ್ದರಲ್ಲಿ ಯಾರದೋ ತಾರಸಿಯ ವಿದ್ಯುತ್ ಹರಿಯುತ್ತಿರಬಾರದು. ಅವರ ಜೀವರಕ್ಷಣೆಗಾಗಿ ಇರುವ ಈ ಏರ್ಪಾಟನ್ನು ತಪ್ಪಿಸುವ ಯೋಚನೆಯನ್ನೇ ಮಾಡಬಾರದು. ಕಟ್ಟಡವನ್ನು ಜಾಲದಿಂದ ಪೂರ್ತಿ ಬೇರ್ಪಡಿಸುವ ಸ್ವಿಚ್, ಜಾಲವಿಲ್ಲದಾಗಲೂ ಬ್ಯಾಟರಿಯೊಂದಿಗೆ ಓಡಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಇದ್ದರೆ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪಗಳಂಥ ಅಗತ್ಯಗಳನ್ನು ನಡೆಸಿಕೊಳ್ಳಬಹುದು.

ಹಾಗಾದರೆ ಬಿಲ್ ಪೂರ್ತಿ ಇಲ್ಲವಾಗುತ್ತದೆಯೇ?

ಇಲ್ಲ. ರಾತ್ರಿಯ ಮತ್ತು ಮೋಡದ ದಿನಗಳ ವಿದ್ಯುತ್ ಜಾಲದಿಂದಲೇ ಬರಬೇಕು, ಸ್ಥಿರ ಶುಲ್ಕ ಉಳಿಯುತ್ತದೆ, ಸಾರ್ವಜನಿಕ ತಂತಿಗಳ ಮೂಲಕ ಹಂಚಿಕೊಂಡ ವಿದ್ಯುತ್ತಿಗೂ ಬಹುಪಾಲು ಕಡೆ ಜಾಲ ಶುಲ್ಕ ಇರುತ್ತದೆ. ಹತ್ತಿರದವರ ನಡುವಿನ ಹಂಚಿಕೆ ದೂರಕ್ಕೆ ವಿದ್ಯುತ್ ಒಯ್ಯುವ ಮೇಲ್ಮಟ್ಟದ ತಂತಿಗಳನ್ನು ಬಳಸುವುದಿಲ್ಲವೆಂಬ ತರ್ಕದಿಂದ ಆಸ್ಟ್ರಿಯಾ ದೇಶವು ಇಂಧನ ಸಮುದಾಯಗಳಿಗೆ ಆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿದೆ. ಈ ತರ್ಕ ಸರಿಯಾದದ್ದೆಂದೇ ನನ್ನ ನಂಬಿಕೆ. ಹಾಗೆಂದು ಶುಲ್ಕವನ್ನು ಪೂರ್ತಿ ಮನ್ನಾ ಮಾಡಬೇಕೆಂದು ಕೇಳುವುದು ಸರಿಯಲ್ಲ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಆಗ ಸಂಘದಲ್ಲಿಲ್ಲದ ಬಡವರ ಬಿಲ್ಲಿನ ಮೇಲೆ ಬೀಳುತ್ತದೆ.

ಕಾನೂನು ಇದನ್ನು ಒಪ್ಪುತ್ತದೆಯೇ?

ದೇಶದಿಂದ ದೇಶಕ್ಕೆ ನಿಯಮ ಬೇರೆ. ಸ್ಪಷ್ಟವಾದ ಹಕ್ಕಿನ ರೂಪ ಕೊಟ್ಟದ್ದರಲ್ಲಿ ಯುರೋಪಿಯನ್ ಒಕ್ಕೂಟದ 2018ರ ನವೀಕರಿಸಬಹುದಾದ ಇಂಧನ ನಿರ್ದೇಶನ ಮುಖ್ಯವಾದದ್ದು. ನವೀಕರಿಸಬಹುದಾದ ವಿದ್ಯುತ್ತನ್ನು ಉತ್ಪಾದಿಸುವ, ಬಳಸುವ, ಸಂಗ್ರಹಿಸುವ, ಮಾರುವ ಮತ್ತು ಸದಸ್ಯರೊಳಗೆ ಹಂಚಿಕೊಳ್ಳುವ ಹಕ್ಕನ್ನು ಅದು ಸಮುದಾಯಗಳಿಗೆ ಕೊಡುತ್ತದೆ. ಸದಸ್ಯತ್ವ ಸ್ವಯಂಪ್ರೇರಿತವೂ ಮುಕ್ತವೂ ಆಗಿರಬೇಕು, ಹತೋಟಿ ಯೋಜನೆಯ ಸಮೀಪದಲ್ಲಿರುವ ಸದಸ್ಯರದ್ದಾಗಿರಬೇಕು, ಮುಖ್ಯ ಉದ್ದೇಶ ಲಾಭವಾಗಿರಬಾರದು ಎಂಬುದು ಅದರ ಷರತ್ತು.

ಸಮೀಪವೆಂದರೆ ಎಷ್ಟು ಎಂಬುದಕ್ಕೆ ಒಂದೊಂದು ದೇಶ ಒಂದೊಂದು ಗೆರೆ ಎಳೆದಿದೆ. ಸ್ಪೇನ್ 2019ರಲ್ಲಿ 500 ಮೀಟರ್ ಎಂದಿತು, 2022ರ ಕೊನೆಯಲ್ಲಿ ಸೌರ ಘಟಕಗಳಿಗೆ ಅದನ್ನು 2 ಕಿಲೋಮೀಟರಿಗೆ ವಿಸ್ತರಿಸಿತು. ಇಟಲಿಯಲ್ಲಿ ಒಂದೇ ಪ್ರಾಥಮಿಕ ಉಪಕೇಂದ್ರದ (ಮೇಲ್ಮಟ್ಟದ ತಂತಿಗಳ ವಿದ್ಯುತ್ತನ್ನು ಸುತ್ತಲಿನ ಪ್ರದೇಶಕ್ಕೆ ಇಳಿಸಿಕೊಡುವ ಕೇಂದ್ರ) ವ್ಯಾಪ್ತಿಯಲ್ಲಿರುವವರು ಹಂಚಿಕೊಳ್ಳಬಹುದು, ಪ್ರತಿ ಘಟಕಕ್ಕೆ 1 ಮೆಗಾವ್ಯಾಟ್ ಮಿತಿಯಿದೆ. ಇಂಥ ಯೋಜನೆಗೆ ಕೈಹಾಕುವವರು ಎಲ್ಲಕ್ಕಿಂತ ಮೊದಲು ಮೂರು ವಿಷಯಗಳನ್ನು ವಿಚಾರಿಸಬೇಕು: ಎಷ್ಟು ದೂರದವರೆಗೆ ಹಂಚಬಹುದು, ಗರಿಷ್ಠ ಸಾಮರ್ಥ್ಯ ಎಷ್ಟು, ಹೆಚ್ಚುವರಿಗೆ ಏನು ಸಿಗುತ್ತದೆ.

ಸಂಘಕ್ಕೆ ಯಾವ ರೂಪ ಕೊಡಬೇಕು? ಹೆಚ್ಚು ಷೇರು ಇದ್ದವರಿಗೆ ಹೆಚ್ಚು ಮತವೇ?

ಸಹಕಾರ ಸಂಘ, ನೋಂದಾಯಿತ ಸಂಸ್ಥೆ, ನಿವಾಸಿಗಳ ಸಂಘ ಹೀಗೆ ಹಲವು ರೂಪಗಳು ಬಳಕೆಯಲ್ಲಿವೆ. ನನ್ನ ಒಲವು ಸಹಕಾರ ಸಂಘದತ್ತ. ಅಲ್ಲಿ ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಬೆಲ್ಜಿಯಂನಲ್ಲಿ 1991ರಲ್ಲಿ ಆರಂಭವಾದ ಇಕೋಪವರ್, ಸ್ಪೇನ್‌ನಲ್ಲಿ 2010ರಲ್ಲಿ ಆರಂಭವಾದ ಸೋಮ್ ಎನೆರ್ಜಿಯಾ ಇದೇ ತತ್ತ್ವದ ಮೇಲೆ ಬೆಳೆದ ಸಂಘಗಳು. ದೊಡ್ಡ ಬಂಡವಾಳ ತರುವ ಸದಸ್ಯನಿಗೆ ಅದಕ್ಕೆ ತಕ್ಕ ಲಾಭಾಂಶ ಕೊಡುವುದು ಸರಿ, ಆದರೆ ಹಂಚಿಕೆಯ ನಿಯಮವನ್ನು ಅವನೊಬ್ಬನೇ ಬದಲಿಸುವಂತಾದರೆ ಸಾಮೂಹಿಕವೆಂಬ ಹೆಸರಿಗೆ ಅರ್ಥವಿಲ್ಲ. ಉಪವಿಧಿಗಳಲ್ಲಿ ಒಬ್ಬರ ಷೇರಿಗೆ ಗರಿಷ್ಠ ಮಿತಿ ಹಾಕುವುದೂ ಒಳ್ಳೆಯದು.

ಬಾಡಿಗೆದಾರರು ಮತ್ತು ಬಂಡವಾಳ ಹಾಕಲಾಗದವರು ಸೇರಬಹುದೇ?

ಸೇರಬೇಕು. ಇಲ್ಲದಿದ್ದರೆ ಇದು ಉಳ್ಳವರ ಕೂಟವಾಗಿಬಿಡುತ್ತದೆ. ಷೇರಿನ ಮುಖಬೆಲೆಯನ್ನು ಸಣ್ಣದಾಗಿಟ್ಟು ಕಂತಿನಲ್ಲಿ ಕಟ್ಟಲು ಬಿಡಬಹುದು. ಬಿಲ್ಲಿನಲ್ಲಿ ಆದ ಉಳಿತಾಯದಿಂದಲೇ ಷೇರಿನ ಹಣ ತೀರಿಸುವ ಏರ್ಪಾಟು ಮಾಡಬಹುದು. ಶಾಲೆ ಅಥವಾ ಸ್ಥಳೀಯ ಆಡಳಿತ ತನ್ನ ತಾರಸಿಯನ್ನು ಕೊಟ್ಟು ಅದಕ್ಕೆ ಪ್ರತಿಯಾಗಿ ಉತ್ಪಾದನೆಯ ಒಂದು ಪಾಲನ್ನು ಕಡಿಮೆ ಆದಾಯದ ಮನೆಗಳಿಗೆ ಮೀಸಲಿಡಿಸಬಹುದು. ಬಾಡಿಗೆದಾರರ ವಿಷಯದಲ್ಲಿ ಷೇರು ಮನೆಗಲ್ಲ, ವ್ಯಕ್ತಿಗೆ ಸೇರಿದ್ದೆಂದು ಬರೆದಿಡುವುದು ಮುಖ್ಯ. ಆಗ ಸಮೀಪದಲ್ಲಿಯೇ ಮನೆ ಬದಲಿಸಿದವರು ಹೊಸ ಮೀಟರಿನೊಂದಿಗೆ ಮುಂದುವರಿಯಬಹುದು.

ಸದಸ್ಯರೊಬ್ಬರು ಬಿಟ್ಟು ಹೋಗಬಯಸಿದರೆ?

ಬಿಡುವ ಹಕ್ಕು ಇರಬೇಕು. ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ಸವಕಳಿ ಕಳೆದು ಷೇರಿನ ಬೆಲೆ ಹೇಗೆ ಕಟ್ಟಬೇಕು, ಕಾಯುವ ಪಟ್ಟಿಯಲ್ಲಿದ್ದವರಿಗೆ ಹೇಗೆ ವರ್ಗಾಯಿಸಬೇಕು ಎಂಬುದು ಉಪವಿಧಿಯಲ್ಲಿರಲಿ.

ನಿರ್ವಹಣೆ ಎಷ್ಟು ಕಷ್ಟ?

ಫಲಕಗಳು ಹೆಚ್ಚು ಆರೈಕೆ ಬೇಡುವುದಿಲ್ಲ. ಅವು 25 ವರ್ಷಕ್ಕೂ ಹೆಚ್ಚು ಕಾಲ ಬಾಳುತ್ತವೆ, ಉತ್ಪಾದನೆ ವರ್ಷಕ್ಕೆ ಸುಮಾರು ಅರ್ಧ ಪ್ರತಿಶತದಂತೆ ಕುಗ್ಗುತ್ತದೆ. ಇನ್ವರ್ಟರನ್ನು ಮಾತ್ರ 10ರಿಂದ 15 ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ, ಅದಕ್ಕೆ ಮೊದಲ ವರ್ಷದಿಂದಲೇ ಮೀಸಲು ನಿಧಿ ಕೂಡಿಡಬೇಕು. ಧೂಳು, ಹಕ್ಕಿಗಳ ಹಿಕ್ಕೆ, ಬೆಳೆದ ಮರದ ನೆರಳು ಇವು ಸದ್ದಿಲ್ಲದೆ ಉತ್ಪಾದನೆ ತಿನ್ನುತ್ತವೆ. ಒಬ್ಬ ಸದಸ್ಯರು ವಾರಕ್ಕೊಮ್ಮೆ ಇನ್ವರ್ಟರಿನ ದಾಖಲೆ ನೋಡಿ ಹಿಂದಿನ ವರ್ಷದ ಅದೇ ವಾರದೊಂದಿಗೆ ಹೋಲಿಸಿದರೆ ಬಹಳಷ್ಟು ದೋಷಗಳು ಬೇಗ ಸಿಕ್ಕಿಬೀಳುತ್ತವೆ. ನಿಜವಾಗಿ ಬಿಡುವು ಕೊಡದ ಕೆಲಸವೆಂದರೆ ಲೆಕ್ಕ: ತಿಂಗಳ ಹಂಚಿಕೆಯ ಪಟ್ಟಿ, ವಸೂಲಿ, ಲೆಕ್ಕಪರಿಶೋಧನೆ. ಸ್ವಯಂಸೇವಕರ ಉತ್ಸಾಹವನ್ನೇ ನಂಬಿ ಇದನ್ನು ವರ್ಷಗಟ್ಟಲೆ ನಡೆಸಲಾಗದು. ಆ ಕೆಲಸಕ್ಕೆ ಸಂಬಳವನ್ನೋ ಗೌರವಧನವನ್ನೋ ಆಯವ್ಯಯದಲ್ಲೇ ಸೇರಿಸಬೇಕು.

ಜಾಲದ ಹಂಗೇ ಇಲ್ಲದೆ ಒಂದು ಊರು ಬದುಕಬಹುದೇ?

ಬದುಕಬಹುದು, ಆದರೆ ಅದಕ್ಕೆ ಸ್ವಯಂನಿಯಂತ್ರಣ ಬೇಕು. ಸ್ಕಾಟ್‌ಲೆಂಡಿನ ಐಗ್ ದ್ವೀಪದ ಸುಮಾರು ನೂರು ನಿವಾಸಿಗಳು 2008ರಿಂದ ಜಲ, ಪವನ ಮತ್ತು ಸೌರ ಮೂಲಗಳನ್ನು ಬೆಸೆದ ತಮ್ಮದೇ ಜಾಲವನ್ನು ನಡೆಸುತ್ತಿದ್ದಾರೆ. ಬ್ಯಾಟರಿಗಳಿವೆ, ತೀರಾ ಅಗತ್ಯ ಬಿದ್ದಾಗ ಡೀಸೆಲ್ ಜನರೇಟರ್ ಇದೆ. ಅಲ್ಲಿ ಪ್ರತಿ ಮನೆಗೂ ಒಂದು ಹೊತ್ತಿಗೆ 5 ಕಿಲೋವ್ಯಾಟ್, ವ್ಯಾಪಾರ ಸಂಸ್ಥೆಗಳಿಗೆ 10 ಕಿಲೋವ್ಯಾಟ್ ಎಂಬ ಮಿತಿಯಿದೆ. ಕೆಟಲ್, ಒಗೆಯುವ ಯಂತ್ರ, ಹೀಟರ್ ಎಲ್ಲವನ್ನೂ ಒಟ್ಟಿಗೆ ಹಾಕಿ ಮಿತಿ ಮೀರಿದರೆ ಆ ಮನೆಯ ವಿದ್ಯುತ್ ಕಡಿತವಾಗುತ್ತದೆ. ಉತ್ಪಾದನೆ ಹೆಚ್ಚಾದಾಗ ಆ ಹೆಚ್ಚುವರಿಯಿಂದ ಸಮುದಾಯ ಭವನದಂಥ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತಾರೆ. ಈ ಮಿತಿ ಬಡವ ಬಲ್ಲಿದನೆನ್ನದೆ ಎಲ್ಲ ಮನೆಗೂ ಒಂದೇ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಜಾಲ ಈಗಾಗಲೇ ಇರುವ ಕಡೆ ಅದನ್ನು ಕಡಿದುಕೊಳ್ಳಲು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ವೆಚ್ಚ ಏರುತ್ತದೆ, ಹೆಚ್ಚುವರಿ ವ್ಯರ್ಥವಾಗುತ್ತದೆ.

ಎಲ್ಲಿಂದ ಆರಂಭಿಸಬೇಕು?

ಗುತ್ತಿಗೆದಾರರನ್ನು ಕರೆಯುವ ಮೊದಲು ಆಸಕ್ತರ ಬಿಲ್ಲುಗಳನ್ನು ಒಂದೆಡೆ ತನ್ನಿ. ಯಾರು ಯಾವ ಹೊತ್ತಿನಲ್ಲಿ ಎಷ್ಟು ಬಳಸುತ್ತಾರೆ ಎಂಬ ಪಟ್ಟಿ ಮಾಡಿ, ಹಗಲಿನಲ್ಲಿ ಬಳಸುವ ಒಂದಾದರೂ ಸಂಸ್ಥೆಯನ್ನು ಜೊತೆಗೆ ಸೇರಿಸಿಕೊಳ್ಳಲು ಪ್ರಯತ್ನಿಸಿ. ತಾರಸಿಯ ಗಟ್ಟಿತನವನ್ನು ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ, ವಿತರಣಾ ಸಂಸ್ಥೆಯಿಂದ ಆ ಟ್ರಾನ್ಸ್‌ಫಾರ್ಮರಿನಲ್ಲಿ ಎಷ್ಟು ಸಾಮರ್ಥ್ಯಕ್ಕೆ ಅವಕಾಶವಿದೆಯೆಂದು ಲಿಖಿತವಾಗಿ ಪಡೆಯಿರಿ. ಈ ಕೊನೆಯ ಪತ್ರಕ್ಕೆ ಬಹಳ ಕಾಲ ಹಿಡಿಯಬಹುದಾದ್ದರಿಂದ ಅದರ ಅರ್ಜಿಯನ್ನು ಮೊದಲೇ ಹಾಕಿ, ಉತ್ತರ ಬರುವಷ್ಟರಲ್ಲಿ ಹಂಚಿಕೆಯ ಒಪ್ಪಂದದ ಕರಡನ್ನು ಸಭೆಯ ಮುಂದಿಡಿ.